ಯಾರದೂ ಅಲ್ಲದ ಕೈ ಬೇಕಾಗಿದೆ

ಬದನೆಕಾಯಿಗೆ ಎಡಮಗ್ಗುಲು ಚೆಂದವೋ ಬಲಮಗ್ಗುಲು ಚೆಂದವೋ ಎಂಬ ಪ್ರಶ್ನೆ ಹೋದ ವರ್ಷದವರೆಗೆ ನನ್ನನ್ನು ಕಾಡಿದ್ದಿಲ್ಲ. ಈಗ ಕಾಡುತ್ತದೆ. ಸಂತೆಯ ಚೀಲ ಮನೆಗೆ ಬಂದ ಕೂಡಲೇ ಎಣಗಾಯಿಗೆ ಆಗುವವು ಒಂದು ಕಡೆ, ಫೋಟೋಕ್ಕೆ ಆಗುವವು ಇನ್ನೊಂದು ಕಡೆ ಎಂದು ಆರಿಸಿಡುತ್ತೇನೆ. ಫೋಟೋಕ್ಕೆ ಆಗುವವುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ ಬಿಟ್ಟು, ತೊಟ್ಟಿನ ಮುಳ್ಳಿಗೆ ಬೆಳಕು ತಾಗುವವರೆಗೆ ಫೋನು ಹಿಡಿದು ನಿಲ್ಲುತ್ತೇನೆ. ಒಂದು ದಿನ ಹೀಗೆ ನಿಂತಿದ್ದಾಗ, ಅಂಗಡಿಗೆ ಹೊರಟಿದ್ದ ನಮ್ಮ ಮನೆಯವರು ಚಪ್ಪಲಿ ಮೆಟ್ಟುತ್ತಾ ಕೇಳಿದರು: "ಮುಂಜಾನಿಂದ ಆ ಬದನಿಕಾಯಿ ಫೋಟೋ ತೆಗ್ಯಾಕತ್ತಿ. ಅದಕ್ಕೇನು ವರ ನೋಡಾಕತ್ತೀಯೇನು?"

ಮಾತು ಪೂರ್ತಿ ಸುಳ್ಳಲ್ಲ. ನಾನು ನೋಡುತ್ತಿದ್ದುದು ವರನನ್ನೇ. ಊರು, ಕುಲ, ಮುಖ ಯಾವುದೂ ಗೊತ್ತಿಲ್ಲದ ವರ. ಇಂಥ ಚಿತ್ರಗಳಿಗೆ ಸ್ಟಾಕ್ ಫೋಟೋ ಎನ್ನುತ್ತಾರೆ. ಯಾರೂ ಹೇಳಿ ತೆಗೆಸಿದ್ದಲ್ಲ, ಯಾರಿಗಾಗಿಯೂ ತೆಗೆದದ್ದಲ್ಲ. ತೆಗೆದು ಜಾಲತಾಣದ ಅಂಗಡಿಯಲ್ಲಿ ಇಟ್ಟಿರಬೇಕು. ಮಸಾಲೆಪುಡಿ ಮಾರುವವರೋ, ವಿಮೆಯ ಜಾಹೀರಾತು ಮಾಡುವವರೋ, ಮೊಣಕಾಲು ನೋವಿನ ಬಗ್ಗೆ ಲೇಖನ ಬರೆಯುವ ವೈದ್ಯರೋ ಬಂದು ತಮಗೆ ಒಪ್ಪುವುದನ್ನು ಎತ್ತಿಕೊಂಡು ಹೋಗುತ್ತಾರೆ. ಅಳತೆ ಕೊಟ್ಟು ಹೊಲಿಸಿದ ಜಂಪರಿಗೂ, ಅಂಗಡಿಯ ಬಾಗಿಲಲ್ಲಿ ತೂಗುವ ಸಿದ್ಧ ಜಂಪರಿಗೂ ಇರುವ ಅಂತರ ಇದು. ಎಲ್ಲರಿಗೂ ಆಗಬೇಕೆಂದರೆ ಅದರಲ್ಲಿ ಒಬ್ಬರ ಮೈಯ ಗುರುತೂ ಇರಬಾರದು. ಪಕ್ಕದ ಖಾಲಿ ಜಾಗ ಕೊಂಡವರ ಮಾತಿಗೆ. ನನ್ನ ಚಿತ್ರದ ಮೇಲೆ ಅವರು ಏನು ಬರೆದುಕೊಳ್ಳುತ್ತಾರೋ ನನಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ಬರಹವನ್ನು ಓದುವ ಮೊದಲೇ ಹಾಳೆಯ ಅಂಚಿನಲ್ಲಿ ಜಾಗ ಬಿಟ್ಟಿದ್ದೇವೋ ಇಲ್ಲವೋ ನೋಡುತ್ತಿದ್ದರು. ಏನೂ ಬರೆಯದೆ ಬಿಟ್ಟ ಜಾಗಕ್ಕೂ ಅಂಕವಿದೆ ಎಂದು ಆಗಲೇ ಕಲಿಸಿದ್ದರು. ನಾನು ಗಮನಿಸಿರಲಿಲ್ಲ, ಅಷ್ಟೆ.

ಈ ಹುಚ್ಚು ಹಚ್ಚಿದವರು ಆ ಕಾನ್ವೆಂಟಿನ ಗೆಳತಿಯರೇ. ನನ್ನ ತವರು ಆಳಂದ, ಗಂಡನ ಮನೆ ಅಫಜಲಪುರ. ನಡುವಿನ ಕೆಲವು ವರ್ಷ ಮಾತ್ರ ಹಾಸ್ಟೆಲಿನ ಕಬ್ಬಿಣದ ಮಂಚ. ಆ ಮಂಚಗಳ ಒಡತಿಯರೆಲ್ಲ ಈಗ ಫೋನಿನಲ್ಲಿ ಒಂದು ಗುಂಪಾಗಿ ಕೂಡಿದ್ದಾರೆ. ನಾನು ಒಣಹಾಕಿದ ಮೆಣಸಿನಕಾಯಿ ತೆಗೆದು ಕಳಿಸಿದರೂ ಸಾಕು, ಕೆಂಪು ಹೃದಯಗಳು ಉದುರುತ್ತವೆ. "ಇವನ್ನ ಮಾರಬಾರದೇನೇ?" ಎಂದು ಒಬ್ಬಳು ಬರೆದಳು. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಹೃದಯಗಳ ಮೇಲಿನ ವಿಶ್ವಾಸವೂ ಹೋಯಿತು. ಪ್ರೀತಿಸುವವರ ಮೆಚ್ಚುಗೆ ಎಂದರೆ ಮನೆಯವರು ಊಟ ಮಾಡಿ ಸುಮ್ಮನೆ ಎದ್ದುಹೋದಂತೆ. ಚೆನ್ನಾಗಿತ್ತೋ, ಹಸಿವಿತ್ತೋ ಹೇಳಲು ಬರುವುದಿಲ್ಲ. ನನಗೆ ಬೇಕಾಗಿದ್ದುದು ಒಂದೇ. ನನ್ನ ಗುರುತೇ ಇಲ್ಲದ ಒಬ್ಬರು ನನ್ನದೊಂದು ಚಿತ್ರವನ್ನು ನೋಡಿ, "ಇದು ಆಗುತ್ತದೆ" ಅನ್ನಬೇಕು. ಹಣದ ಆಸೆ ಇರಲಿಲ್ಲವೆಂದರೆ ನಗಬೇಡಿ. ಅಂಥ ಆಸೆ ಇಟ್ಟುಕೊಳ್ಳುವಷ್ಟು ಅದರಲ್ಲಿ ಬರುವುದೂ ಇಲ್ಲ.

ಹಾಗೆ ಅನ್ನುವವರು ಎಲ್ಲೋ ಕುಳಿತ ಪರೀಕ್ಷಕರು. ಹೆಣ್ಣೋ ಗಂಡೋ ಗೊತ್ತಿಲ್ಲ. ನನ್ನ ಕಲ್ಪನೆಯಲ್ಲಿ ಮಾತ್ರ ಅವರು ಮೊರ ಹಿಡಿದು ಜೋಳ ಕೇರುವ ಹೆಂಗಸು. ಒಂದು ಚಿತ್ರವನ್ನು ನಾವು ನೋಡುವ ಹಾಗೆ ಅವರು ನೋಡುವುದಿಲ್ಲ. ಎಷ್ಟು ಹಿಗ್ಗಿಸಲು ಬರುತ್ತದೋ ಅಷ್ಟೂ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ಹಸನು ಮಾಡುತ್ತಾರೆ. ದೂರದಿಂದ ನುಣ್ಣಗೆ ಕಂಡ ಕತ್ತಲೆಯಲ್ಲಿ ನುಚ್ಚಿನಂಥ ಕಾಳು ಕಾಣಿಸಿತೋ, ಹೋಯಿತು. ಆ ನುಚ್ಚಿಗೆ ನಾಯ್ಸ್, ಅಂದರೆ ಗದ್ದಲ, ಎಂದು ಹೆಸರು. ಸದ್ದಿಲ್ಲದ ಚಿತ್ರದಲ್ಲಿ ಗದ್ದಲ ಕೇಳಿಸಿಕೊಳ್ಳುವ ಕಿವಿ ಅವರದು. ನಾನು ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾದ ಚಟ್ನಿಪುಡಿಯನ್ನು, ಬಾಳೆಲೆಯ ಮೇಲೆ ಗುಡ್ಡೆ ಮಾಡಿ ಕಳಿಸಿದ್ದಕ್ಕೆ "ವಸ್ತು ಏನೆಂದು ಸ್ಪಷ್ಟವಿಲ್ಲ" ಎಂದು ಉತ್ತರ ಬಂತು. ನಮ್ಮ ಮನೆಯವರು ಅದನ್ನು ಓದಿ, "ಇಟ್ಟಂಗಿ ಪುಡಿ ಅಂತ ತಿಳ್ಕೊಂಡಿರಬೇಕು ಪಾಪ, ಒಂದು ಡಬ್ಬಿ ಕಳಿಸಿಕೊಡು" ಎಂದರು.

ಘತ್ತರಗಿಯ ಚಿತ್ರಗಳ ಪಾಡು ಬೇರೆ. ಅಲ್ಲಿಯ ದೇವಿ ಭಾಗ್ಯವಂತಿಗೆ ಉಡಿ ತುಂಬಲು ಹೋದಾಗ ಭೀಮಾ ನದಿಯ ಮೇಲೆ ಸಂಜೆಯಾಗುತ್ತಿತ್ತು. ಆ ಬಂಗಾರದ ನೀರು ನೋಡಿ, ಇದು ಆಗದಿದ್ದರೆ ಇನ್ನಾವುದೂ ಆಗದು ಎಂದುಕೊಂಡೆ. ಆದರೆ ಚಿತ್ರದಲ್ಲಿ ಗುರುತು ಸಿಗುವ ಮುಖವಿದ್ದರೆ ಆ ಮುಖದವರ ಒಪ್ಪಿಗೆ ಬೇಕು. ಘತ್ತರಗಿಯ ಘಾಟಿನಲ್ಲಿ ಮುಖವಿಲ್ಲದ ಜಾಗ ಹುಡುಕುವುದೆಂದರೆ ಸಂತೆಯಲ್ಲಿ ಧ್ಯಾನಕ್ಕೆ ಕುಳಿತಂತೆ. ಕೊನೆಗೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಮಾತ್ರ ಉಳಿದಳು. ಸ್ವಲ್ಪ ಆಚೆ ಸರಿಯಬಹುದೇ ಎಂದು ಕೇಳಿದೆ. ಆಕೆ ಸೀರೆ ಹಿಂಡುತ್ತಲೇ, "ಯಾಕ್ರಿ ಬಾಯಾರ, ಹೊಳಿ ಪಕ್ಕಕ್ಕ ನಾ ಛಂದ ಕಾಣಂಗಿಲ್ಲೇನು?" ಎಂದಳು. ನಾಚಿಕೊಂಡು ಅವಳನ್ನೂ ಸೇರಿಸಿ ತೆಗೆದೆ. ಆ ಚಿತ್ರವೇ ಚೆನ್ನಾಗಿ ಬಂದಿದೆ. ಅವಳಿಲ್ಲದೆ ತೆಗೆದದ್ದನ್ನು ಕಳಿಸಿದೆ; "ಇಂಥವು ನಮ್ಮಲ್ಲಿ ಬೇಕಾದಷ್ಟಿವೆ" ಎಂದರು. ಇರಲೇಬೇಕು. ಸೂರ್ಯ ದಿನಾ ಮುಳುಗುತ್ತಾನೆ, ಎಲ್ಲ ಊರಲ್ಲೂ ಮುಳುಗುತ್ತಾನೆ. ನನ್ನ ಚಿತ್ರದಲ್ಲಿ ಕರ್ಪೂರದ ವಾಸನೆ, ಒದ್ದೆ ಮೆಟ್ಟಿಲು, ಅತ್ತೆ ಕೊಡಿಸಿದ ಚುರಮುರಿ ಎಲ್ಲವೂ ಇದ್ದವು. ಅವು ನನಗೆ ಮಾತ್ರ ಕಾಣುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಕಂಟಕ ಎಂದರೆ ಹೆಸರು. ಚಿತ್ರದ ಯಾವ ಮೂಲೆಯಲ್ಲೂ ಯಾರ ಹೆಸರೂ, ಯಾವ ಕಂಪನಿಯ ಗುರುತೂ ಇರಕೂಡದು. ಈ ನಿಯಮ ಮಾಡಿದವರು ನಮ್ಮ ಕಡೆಯ ಒಂದು ಅಡಿಗೆಮನೆಯನ್ನೂ ನೋಡಿರಲಾರರು. ನಮ್ಮಲ್ಲಿ ಹೆಸರಿಲ್ಲದ ಪಾತ್ರೆ, ಭಾಂಡೆ ಉಂಟೇ? ಮದುವೆಗೆ ಕೊಟ್ಟದ್ದು, ಮನೆಶಾಂತಿಗೆ ಕೊಟ್ಟದ್ದು, ಸೀಮಂತಕ್ಕೆ ಕೊಟ್ಟದ್ದು, ಎಲ್ಲದರ ಕೊರಳಿಗೂ ಅಂಗಡಿಯವನು ಯಂತ್ರ ಹಿಡಿದು ಕರ್ರ್ ಎಂದು ಹೆಸರು ಕೊರೆದಿರುತ್ತಾನೆ. ಮಾವಿನಕಾಯಿ ಉಪ್ಪಿನಕಾಯಿಯ ಬಟ್ಟಲನ್ನು ಹೇಗೆ ತಿರುಗಿಸಿದರೂ ನಮ್ಮ ಮನೆಯವರ ಸೋದರಮಾವ ಸಪ್ರೇಮವಾಗಿ ಇಣುಕುತ್ತಾರೆ. ಹೊರಗೆ ಹೋದರೂ ಅಷ್ಟೆ. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳ ಹಿಂದೆ ಮಕ್ಕಳ ಹೆಸರು, ಮುಂದೆ ದೇವರ ಹೆಸರು. ಗುಡಿಯ ಫ್ಯಾನಿನ ರೆಕ್ಕೆಗೂ ದಾನಿಯ ಹೆಸರಿದೆ. ಗಾಳಿ ಬೇಕೆಂದರೆ ಪಾಪ ಅವರು ಗಿರಗಿರ ತಿರುಗಬೇಕು. ಯೋಚಿಸಿದರೆ ಇದು ಇಂದಿನ ಚಟವಲ್ಲ. ಊರೂರಿನ ಹಾಳುಗುಡಿಯ ಮುಂದೆ ನಿಂತ ಶಾಸನದ ಕಲ್ಲುಗಳು ಹೇಳುವುದೂ ಇದನ್ನೇ: ಇಂಥವರು ಇಂಥವರಿಗೆ ಇದನ್ನು ಕೊಟ್ಟರು, ಸೂರ್ಯಚಂದ್ರರಿರುವ ತನಕ ಇದು ನಿಲ್ಲಲಿ. ಕಲ್ಲು ಹೋಗಿ ಸ್ಟೀಲು ಬಂದಿದೆ. ನಮ್ಮ ತಂಬಿಗೆಯೂ ಒಂದು ಶಾಸನವೇ.

ಹೀಗೆ ಚಿತ್ರಗಳು ಒಂದೊಂದಾಗಿ ತಿರುಗಿ ಬರುತ್ತಿದ್ದಾಗ, ಒಂದು ಮುಂಜಾನೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಚಹಾದ ಸಕ್ಕರೆ ಡಬ್ಬಿಗಾಗಿ. ಪೂರ್ವದ ಕಿಟಕಿಯಿಂದ ಬಂದ ಬಿಸಿಲು ಅವರ ಬಲಗೈಯ ಮೇಲೆ ಮಾತ್ರ ಬಿದ್ದಿತ್ತು. ಹಿಟ್ಟಿನ ಧೂಳು ಬಿಸಿಲಲ್ಲಿ ನಿಂತಿತ್ತು. ಬೆರಳುಗಳ ನಡುವೆ ರೊಟ್ಟಿ ಚಂದ್ರನ ಹಾಗೆ ತಿರುಗುತ್ತಿತ್ತು. ಮುಖ ಚಿತ್ರದಲ್ಲಿ ಬರುವುದಿಲ್ಲ, ಹಿಂದೆ ಕರಿಯ ಗೋಡೆ, ಒಂದು ಭಾಂಡೆಯೂ ಇಲ್ಲ. ತೆಗೆದೆ. ಕಳಿಸಿದೆ. ಪರೀಕ್ಷಕರಿಂದ ಬಂದ ಉತ್ತರ ಓದಿ ಸ್ಟವ್ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಗದ್ದಲದ ದೂರಿಲ್ಲ, ಮಸುಕಿನ ದೂರಿಲ್ಲ. ಚಿತ್ರ ಆಗುತ್ತದೆ; ಎರಡು ವಿಷಯ ಸರಿಪಡಿಸಬೇಕು. ಕೈ ಯಾರದೋ ಅವರು ಒಪ್ಪಿಗೆಗೆ ಸಹಿ ಹಾಕಬೇಕು. ಮತ್ತೆ, ಮುಂಗೈಯ ಹಚ್ಚೆಯನ್ನು ಅಳಿಸಬೇಕು. ಹಚ್ಚೆ ಎಂದರೆ ಕಲಾಕೃತಿ, ಅದು ಬೇಕೆಂದರೆ ಹಚ್ಚೆ ಹಾಕಿದ ಕಲಾವಿದರ ಒಪ್ಪಿಗೆಯೂ ಬೇಕು.

ಸುದ್ದಿ ಕೇಳಿ ಅತ್ತೆಗೆ ಆದ ಸಂತೋಷ ನನಗಿಂತ ಹೆಚ್ಚು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಹಸೀನಾ ಬೀ ಗೋಡೆಯ ಆಚೆಯಿಂದಲೇ ಶುರುಮಾಡಿದರು.

"ಅರೇ ಶಾಂತಾಬಾಯಿ, ನಿನ್ನ ಕೈ ಪರದೇಶಕ್ಕ ಹೊಂಟಾದಂತಲ್ಲ! ಕೈ ಹೋದ ಮ್ಯಾಲ ಇಲ್ಲಿ ರೊಟ್ಟಿ ಯಾರು ಬಡೀತಾರ? ಸೊಸೀನಾ? ತೌಬಾ!"

"ಬಡೀತಾಳ ತಗೋ," ಎಂದರು ಅತ್ತೆ. "ನಮ್ಮ ಸೊಸಿ ಸಾಲಿ ಕಲ್ತಾಕಿ. ಭಾರತದ ನಕ್ಷಾ ಬರೋಬ್ಬರಿ ಬಡೀತಾಳ."

"ನನ್ನ ಕೈದೂ ಒಂದು ತೆಗಿ ಬೇಟಿ, ಮೆಹಂದಿ ಹಚ್ಚಿಕೊಂಡು ಬರ್ತೇನಿ," ಎಂದರು ಹಸೀನಾ ಬೀ ನನ್ನ ಕಡೆ ತಿರುಗಿ.

ಹಚ್ಚೆಯನ್ನು ಅಳಿಸುವುದು ಕಷ್ಟವಲ್ಲ. ಫೋನಿನಲ್ಲೇ ಅದಕ್ಕೊಂದು ಕುಂಚವಿದೆ. ಬೆರಳು ಸವರಿದರೆ ಅಕ್ಕಪಕ್ಕದ ಚರ್ಮ ಹರಿದು ಬಂದು ಜಾಗ ತುಂಬುತ್ತದೆ. ಅಳಿಸುವ ಮೊದಲು, ಪರೀಕ್ಷಕರಂತೆ ನಾನೂ ಚಿತ್ರವನ್ನು ಹಿಗ್ಗಿಸಿದೆ. ಅತ್ತೆಯ ಮುಂಗೈಯ ಹಸಿರನ್ನು ನಾನು ಈ ಮನೆಗೆ ಬಂದಂದಿನಿಂದ ನೋಡಿದ್ದೇನೆ. ಬಳ್ಳಿಯೋ ಚುಕ್ಕಿಯೋ ಎಂದು ತಿಳಿದಿದ್ದೆ. ಮಾಸಿ ಹೋದ ರಂಗೋಲಿಯನ್ನು ಯಾರು ಬಿಡಿಸಿ ನೋಡುತ್ತಾರೆ? ಹಿಗ್ಗಿಸಿದಾಗ ಚುಕ್ಕಿಗಳು ಅಕ್ಷರಗಳಾದವು. ಅಕ್ಷರಗಳು ಒಂದು ಹೆಸರಾದವು. ಅದು ಶಾಂತಾಬಾಯಿ ಅಲ್ಲ. ಮಾವನ ಹೆಸರೂ ಅಲ್ಲ.

ಅತ್ತೆ ಶೇಂಗಾ ಸುಲಿಯುತ್ತಾ ಕುಳಿತಿದ್ದರು. "ಅತ್ತೀ, ನಿಮ್ಮ ಕೈ ಮ್ಯಾಲಿಂದು ಹೆಸರು ಅದ ಅಲ್ರಿ. ಯಾರದದು?" ಎಂದೆ.

"ಇನ್ನಾ ಕಾಣ್ತದೇನದು?" ಎಂದರು. ಮುಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ನಂದೇ," ಎಂದರು.

ಅತ್ತೆಯ ತವರು ಜೇವರ್ಗಿ ತಾಲೂಕಿನ ಕೊಳಕೂರ. ಅಲ್ಲಿ ಇಟ್ಟ ಹೆಸರು ಅದು. ಹಚ್ಚೆಯವಳು ಊರಿಗೆ ಬಂದಾಗ ಹಟ ಮಾಡಿ ಹಾಕಿಸಿಕೊಂಡರಂತೆ. ಹಚ್ಚೆಯವಳಿಗೆ ಓದು ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ಅಣ್ಣ ಪಾಟಿಯ ಮೇಲೆ ತಂಗಿಯ ಹೆಸರು ಬರೆದು ಹಿಡಿದಿದ್ದಾನೆ, ಅವಳು ನೋಡಿಕೊಂಡು ಚುಚ್ಚಿದ್ದಾಳೆ. ಪರೀಕ್ಷಕರು ಕೇಳಿದ ಕಲಾವಿದರು ಯಾರು ಎಂದು ನಾನು ಲೆಕ್ಕ ಹಾಕತೊಡಗಿದೆ. ಅಕ್ಷರ ಅಣ್ಣನದು, ಸೂಜಿ ಅವಳದು, ಚರ್ಮ ಅತ್ತೆಯದು, ಫೋಟೋ ನನ್ನದು. ಅಣ್ಣ ಈಗಿಲ್ಲ. ಸೂಜಿಯವಳು ಯಾವ ಊರಿನವಳೆಂದು ಅಂದೂ ಯಾರೂ ಕೇಳಿರಲಿಲ್ಲ.

"ಮತ್ತ ಹೆಸರು ಯಾಕ ಬದಲಿ ಆತ್ರಿ?"

"ನಮ್ಮ ಅತ್ತೀದೂ ಅದೇ ಹೆಸರು ಬೇ! ಒಂದು ಮನ್ಯಾಗ ಅತ್ತಿಗೂ ಸೊಸಿಗೂ ಒಂದೇ ಹೆಸರಾದ್ರ ಹೆಂಗ? ಅಕಿ ನನಗ ಬೈಬೇಕಂದ್ರ ತನ್ನ ಹೆಸರೇ ತಗೊಂಡು ಬೈಬೇಕಾಗ್ತಿತ್ತು. ಮದಿವ್ಯಾಗ ಅಕ್ಕಿಕಾಳು ಬಿದ್ದ ದಿನಾನೇ ಶಾಂತಾಬಾಯಿ ಅಂತ ಕರದ್ರು." ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. "ಅತ್ತಿ ಹೆಸರು ಸೊಸಿ ಬಾಯಾಗ ಬರಬಾರ್ದು. ಅದಕ್ಕ ನನ್ನ ಹೆಸರು ನನ್ನ ಬಾಯಾಗೂ ಬರಲಿಲ್ಲ ನೋಡು. ನಮ್ಮಣ್ಣ ಒಬ್ಬಾವ ಕರೀತಿದ್ದ. ಅವ ಹೋದ ಮ್ಯಾಲ ಯಾರೂ ಕರದಿಲ್ಲ."

ಇದನ್ನು ಹೇಳಿದ ದನಿ ನೀರಿನ ಟ್ಯಾಂಕರ್ ಬರಲಿಲ್ಲ ಎನ್ನುವ ದನಿಗಿಂತ ಬೇರೆಯಾಗಿರಲಿಲ್ಲ. ನಾನೇ ಶೇಂಗಾ ಸಿಪ್ಪೆಗಳನ್ನು ಸುಮ್ಮನೆ ಒಂದೆಡೆ ಕೂಡಿಸುತ್ತಾ ಕುಳಿತೆ. ನನ್ನ ಮದುವೆಯಲ್ಲಿ ಹೆಸರಿನ ಮಾತು ಬಂದಾಗ ನಮ್ಮ ತಂದೆ, "ಮಾರ್ಕ್ಸ್ ಕಾರ್ಡಿನಲ್ಲಿ ಇದೇ ಅದ್ರಿ," ಎಂದಿದ್ದರು. ಅಷ್ಟಕ್ಕೇ ಎಲ್ಲರೂ ಒಪ್ಪಿದರು. ಸರ್ಕಾರದ ಮುದ್ರೆ ಬಿದ್ದ ನನ್ನ ಹೆಸರು ಉಳಿಯಿತು. ಸೂಜಿಯಿಂದ ಚುಚ್ಚಿದ ಅವರ ಹೆಸರು ಉಳಿಯಲಿಲ್ಲ. ಉಳಿದದ್ದು ಆ ಮುಂಗೈಯ ಮೇಲೆ ಮಾತ್ರ. ಈಗ ಅದನ್ನು ಬೆರಳಿನಿಂದ ಸವರಿ ತೆಗೆಯಬೇಕಾದವಳು ನಾನು. ತೆಗೆದರೆ ಚಿತ್ರ ಆಗುತ್ತದೆ, ಬಿಟ್ಟರೆ ಆಗುವುದಿಲ್ಲ. ಹೆಸರು ಯಾವುದೆಂದು ನೀವು ಕೇಳುತ್ತೀರಿ. ಸೊಸೆಯಾದವಳು ಹೇಗೆ ಬರೆಯಲಿ?

ಅಳಿಸುವುದು ಬೇಡ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ, ಆ ತೀರ್ಮಾನದ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟುಕೊಂಡೆ. ಆದರೆ ಕೈ ನನ್ನದಲ್ಲವಲ್ಲ. ಮರುದಿನ ಅತ್ತೆಗೆ ಎಲ್ಲ ಹೇಳಿದೆ: ಅವರಿಗೆ ಹಚ್ಚೆ ಇಲ್ಲದ ಕೈ ಬೇಕಂತೆ, ನಾನು ಬೇಡ ಎನ್ನುತ್ತೇನೆ, ನೀವೇನೆನ್ನುತ್ತೀರಿ?

"ಅಳಸು ನೋಡೂಣು," ಎಂದರು.

ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕುಳಿತರು. ನಾನು ಬೆರಳು ಸವರಿದೆ. ಹಸಿರು ಒಂದೊಂದೇ ಅಕ್ಷರವಾಗಿ ಕರಗಿತು. ಅತ್ತೆ ತಮ್ಮ ಮುಂಗೈಯನ್ನು ಫೋನಿನ ಪಕ್ಕದಲ್ಲಿಟ್ಟು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಮಾರಾಟಗಾರನ ಎದುರು ಎರಡು ಸೀರೆ ಹಿಡಿದು ನೋಡುವಾಗಲೂ ಅವರು ಹಾಗೆಯೇ ನೋಡುವುದು.

"ಹಂಗಾರ ಇದು ಯಾರ ಕೈ ಆತು?"

"ಯಾರದೂ ಅಲ್ರಿ. ಅವರಿಗೆ ಹಂಗೇ ಬೇಕಂತ."

"ಯಾರದೂ ಅಲ್ಲಂದ್ರ ಹೆಂಗ? ರೊಟ್ಟಿ ಹಿಡ್ಕೊಂಡದ ಅಲ್ಲ, ಅದು ಶಾಂತಾಬಾಯಿದು. ಈ ಮನಿಗೆ ಬಂದಾಗಿಂದ ರೊಟ್ಟಿ ಬಡದಾಕಿ ಅಕೀನೇ. ಬಂದವ್ರು ಹೋದವ್ರು ಎಲ್ಲಾರೂ ಉಂಡಾರ. ಅಕಿ ಕೈ ಯಾರಿಗೆ ಬೇಕಾದ್ರೂ ಕೊಡು, ಖುಷಿಲೆ ಕೊಡು."

"ಇನ್ನೊಂದು? ಹೆಸರು ಇದ್ದದ್ದು?"

"ಅದು ಮಾರೂದಲ್ಲ ಬೇ. ಅಕಿ ಒಂದು ರೊಟ್ಟಿ ಸೈತ ಬಡದಿಲ್ಲ. ಕೊಳಕೂರಾಗ ಆಡಕೋತ ಇದ್ದಾಕಿ. ಅಕಿನ್ನ ಯಾಕ ಕಳಸ್ತಿ?"

ಇಷ್ಟು ದಿನ ನಾನು ಬೆಳಕು ನೋಡಿದೆ, ನುಚ್ಚು ನೋಡಿದೆ, ಖಾಲಿ ಜಾಗ ನೋಡಿದೆ. ಬಿಟ್ಟುಕೊಟ್ಟರೂ ನಾವು ಕಡಿಮೆಯಾಗದಂಥದ್ದು ಯಾವುದು ಎಂದು ನೋಡಿರಲಿಲ್ಲ. ನದಿಯ ಪಕ್ಕದ ಆ ಹೆಂಗಸಿನ ಚಿತ್ರವನ್ನು ನಾನೇಕೆ ಯಾರಿಗೂ ಕಳಿಸಲಿಲ್ಲ ಎಂಬುದೂ ಆಗ ತಿಳಿಯಿತು. ಒಪ್ಪಿಗೆ ಇರಲಿಲ್ಲವೆಂದಷ್ಟೇ ಅಲ್ಲ.

ಒಪ್ಪಿಗೆಯ ಸಹಿ ಸುಲಭವಾಗಿ ಆಯಿತು. ಅತ್ತೆಗೆ ಬರುವುದು ಸಹಿಯೊಂದೇ. ಅದನ್ನು ರಂಗೋಲಿ ಎಳೆದಂತೆ, ಉಸಿರು ಬಿಗಿಹಿಡಿದು ಬರೆಯುತ್ತಾರೆ: ಶಾಂತಾಬಾಯಿ. ಚಿತ್ರ ಕಳಿಸಿದೆ. ಹುಡುಕುವವರಿಗೆ ಸಿಗಲೆಂದು ಕೆಲವು ಪದಗಳನ್ನು ಸೇರಿಸಿ ಎಂದರು. ಕೈ, ಹಿಟ್ಟು, ರೊಟ್ಟಿ, ಬಿಸಿಲು, ಮಹಿಳೆ, ಹಿರಿಯ, ಅಡಿಗೆ, ಭಾರತ ಎಂದು ಸೇರಿಸಿದೆ. ಎಲ್ಲವೂ ನಿಜ. ಇನ್ನೂ ಬಹಳ ಬೇಕೆಂದರೂ ಬರೆಯಲು ಏನೂ ಉಳಿದಿರಲಿಲ್ಲ. ಕೆಲವು ದಿನಗಳ ಮೇಲೆ, ಸ್ವೀಕರಿಸಿದ್ದೇವೆ ಎಂಬ ಒಂದು ಸಾಲು ಬಂತು. ನನ್ನ ಗುರುತಿಲ್ಲದ ಒಬ್ಬರು ನನ್ನ ಚಿತ್ರವನ್ನು ಆಗುತ್ತದೆ ಎಂದಿದ್ದರು. ಆ ಸಾಲನ್ನು ಓದಿ ಖುಷಿಯಾಯಿತು. ನಾನು ನಿರೀಕ್ಷಿಸಿದ್ದಷ್ಟು ಹೊತ್ತು ಆ ಖುಷಿ ನಿಲ್ಲಲಿಲ್ಲ. ಕುಕ್ಕರು ಕೂಗಿತು, ಎದ್ದು ಹೋದೆ.

ಅತ್ತೆಗೆ ಹೇಳಿದಾಗ, "ಛಲೋ ಆತು," ಎಂದರು. ಆಮೇಲೆ, "ಆ ಇನ್ನೊಂದು ಅದನೋ, ಅಳಸಿಯೋ?" ಎಂದರು.

"ಅದ ರಿ. ಅದನ್ನ ಹೆಂಗ ಅಳಸ್ಲಿ?"

"ತೋರ್ಸು ಜರಾ. ದೊಡ್ಡದು ಮಾಡು."

ಹಿಗ್ಗಿಸಿದೆ. ಫೋನಿನ ತುಂಬ ಅಕ್ಷರಗಳೇ ಆದವು. ಶಾಲೆಯ ಹುಡುಗ ಪಾಟಿಯ ಮೇಲೆ ಬರೆದ ದುಂಡು ಅಕ್ಷರ, ಒತ್ತು ಒಂದಿಷ್ಟು ವಾಲಿದೆ. ಅತ್ತೆಗೆ ಓದು ಬರುವುದಿಲ್ಲ. ತಮ್ಮ ಮೈಯ ಮೇಲಿನ ಬರಹವನ್ನು ಅವರು ಯಾವತ್ತೂ ಓದಿದವರಲ್ಲ.

"ಏನಂತ ಬರದದ, ಓದು," ಎಂದರು.

"ಅತ್ತೀ, ನಾ ಹೆಂಗ್ರಿ ನಿಮ್ಮ ಹೆಸರು..."

"ನಾ ಹೇಳಾಕತ್ತೇನಿ ಅಲ್ಲ, ಓದು."

ಕಾನ್ವೆಂಟಿನಲ್ಲಿ ಎದ್ದು ನಿಂತು ಪಾಠ ಓದುವಾಗಿನ ದನಿಯಲ್ಲಿ, ಬಿಡಿಸಿ ಬಿಡಿಸಿ ಓದಿದೆ: "ನೀಲವ್ವ."

"ಓ," ಎಂದರು ಅತ್ತೆ. ಅಂಗಳದಲ್ಲಿ ಆಡುತ್ತಿದ್ದವರನ್ನು ಯಾರೋ ಒಳಗಿನಿಂದ ಕರೆದಾಗ ಓಗೊಡುವ ಹಾಗೆ, ತಲೆ ಎತ್ತಿ.

ಇನ್ನೊಮ್ಮೆ ಓದಬೇಕೇನೋ ಎಂದು ಅವರ ಮುಖ ನೋಡಿದೆ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಎದ್ದರು.

"ಸಾಕು ಬಿಡು. ಸೊಸಿ ಬಾಯಾಗ ಹೆಸರು ಭಾಳ ಬಂದ್ರ ಸದರ ಆಗ್ತದ."